ಪಟ್ಟಿ ಇಲ್ಲದ ಕಾಲದ ಮೊದಲ ಸ್ಥಾನ: ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ



ಸಿಂದಗಿಯಲ್ಲಿರುವ ನನ್ನ ಖಾಲಾನ ಮಗಳಿಗೆ ಕೊರಿಯಾದ ಬಿಟಿಎಸ್ ತಂಡವೆಂದರೆ ಪ್ರಾಣ. ಓದುವ ಮೇಜಿನ ಎದುರಿನ ಗೋಡೆಗೆ ಆ ಏಳು ಹುಡುಗರ ಚಿತ್ರ ಅಂಟಿಸಿದ್ದಾಳೆ. ಖಾಲಾ ಎರಡು ಸಲ ಕಿತ್ತುಹಾಕಿದರು, ಅವಳು ಮೂರನೆಯ ಸಲ ಅಂಟಿಸಿದಳು. 2020ರಲ್ಲಿ ಅವರ ಡೈನಮೈಟ್ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ದಕ್ಷಿಣ ಕೊರಿಯಾದ ಯಾವ ತಂಡವೂ ಅದಕ್ಕೆ ಮೊದಲು ಆ ಸ್ಥಾನ ಮುಟ್ಟಿರಲಿಲ್ಲ. ಈ ವಿಷಯವನ್ನು ಅವಳು ತನ್ನ ಮನೆಯವರೇ ಗೆದ್ದರೇನೋ ಎಂಬಂತೆ ಹೇಳುತ್ತಾಳೆ.

ಹೋದ ಬೇಸಿಗೆ ರಜೆಯಲ್ಲಿ ನಾವೆಲ್ಲ ಮುದ್ದೇಬಿಹಾಳದ ನಾನಿ ಮನೆಯಲ್ಲಿ ಸೇರಿದ್ದೆವು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದ್ದಾಗ ಮತ್ತೆ ಅದೇ ಮಾತು ಬಂತು. ಕೊರಿಯಾ ನಮ್ಮ ಕರ್ನಾಟಕಕ್ಕಿಂತ ಚಿಕ್ಕ ದೇಶ, ಅಲ್ಲಿಯ ಭಾಷೆ ನಮಗೆ ಒಂದು ಅಕ್ಷರವೂ ತಿಳಿಯುವುದಿಲ್ಲ, ಆದರೂ ಅವರ ಹಾಡು ಸಿಂದಗಿವರೆಗೆ ಬಂತು. ನಮ್ಮ ಬಿಜಾಪುರ ಜಿಲ್ಲೆಯವರ ಹಾಡು ಹಾಗೆ ಎಲ್ಲಿಗಾದರೂ ಹೋಗಿದೆಯೇ ಎಂದು ಅವಳು ನನ್ನನ್ನು ಕೇಳಿದಳು. ನಾನು ಇಲ್ಲ ಎಂದೆ. ಕತ್ತಲಲ್ಲಿ ತಸ್ಬೀಹ್ ಎಣಿಸುತ್ತ ಕೂತಿದ್ದ ನಾನಿ ಎಣಿಕೆ ನಿಲ್ಲಿಸಿ, ಹೋಗಿದೆ ಎಂದರು. ಕೃಷ್ಣೆಯ ಆಚೆ ದಂಡೆಯ ಬೀಳಗಿಯ ಅಮೀರ್‌ಬಾಯಿಯ ಹಾಡು ಹೋಗಿದೆ ಎಂದು ಹೇಳಿ ಮತ್ತೆ ಎಣಿಸತೊಡಗಿದರು.

ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಹಾಡು ಮೊದಲಲ್ಲ. ನಮ್ಮನ್ನೆಲ್ಲ ತೊಟ್ಟಿಲಲ್ಲಿ ತೂಗುವಾಗ ನಾನಿ ಗುನುಗುತ್ತಿದ್ದ ರಾಗ ಅಮೀರ್‌ಬಾಯಿ ಹಾಡಿದ ಒಂದು ಸಿನಿಮಾ ಹಾಡಿನದು ಎಂದು ಮರುದಿನ ಗೊತ್ತಾಯಿತು. ನಾನಿಗೆ ಅದನ್ನು ಅವರ ಅಮ್ಮಿ ಗುನುಗಿದ್ದರಂತೆ. ಮೂರು ತಲೆಮಾರು ನಮ್ಮ ಮನೆಯಲ್ಲಿ ಆ ರಾಗ ಇತ್ತು, ಹಾಡಿದವರ ಹೆಸರು ಮಾತ್ರ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ರಜೆ ಮುಗಿಸಿ ಇಂಡಿಗೆ ಮರಳಿದ ಮೇಲೆ ಕನ್ನಡ ಉಪನ್ಯಾಸಕರನ್ನು ಕೇಳಿದೆ. ವಿದ್ವಾಂಸರಾದ ರಹಮತ್ ತರೀಕೆರೆಯವರು ಅಮೀರ್‌ಬಾಯಿ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ ಎಂದು ಅವರು ತಿಳಿಸಿದರು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಸಂಗೀತದ ರಾಗ ತಾಳ ನನಗೆ ಬಾರದು. ಹಾಗಾಗಿ ಓದಿ, ಕೇಳಿ ತಿಳಿದದ್ದನ್ನು ನನಗೆ ಬರುವ ರೀತಿಯಲ್ಲಿ, ಅಂದರೆ ಒಂದು ಲೆಕ್ಕದ ಪುಸ್ತಕದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಆ ಜಿಲ್ಲೆ ಬೇರೆಯಾಗುವ ತನಕ ಬೀಳಗಿಯೂ ಬಿಜಾಪುರ ಜಿಲ್ಲೆಯ ಊರೇ. ಬಸವನ ಬಾಗೇವಾಡಿ ಕಡೆಯಿಂದ ಹೋಗುವವರು ಕೊಲ್ಹಾರದಲ್ಲಿ ಗಡಿಗೆ ಮೊಸರು ಕೊಂಡು, ಕೃಷ್ಣೆಯ ಉದ್ದನೆಯ ಸೇತುವೆ ದಾಟಿದರೆ ಬೀಳಗಿ ಸೀಮೆ ಬರುತ್ತದೆ. ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ ಅಮೀರ್‌ಬಾಯಿ ಅಲ್ಲಿ ಹುಟ್ಟಿದರು. ಅವರ ಅಕ್ಕ ಗೋಹರಬಾಯಿ. ಇಬ್ಬರೂ ಹಾಡುಗಾರ್ತಿಯರು, ಇಬ್ಬರೂ ನಟಿಯರು. ಅಮೀರ್‌ಬಾಯಿಯ ಮಾತು ಕನ್ನಡ. ಮುಂದೆ ಹಿಂದಿ, ಉರ್ದು, ಗುಜರಾತಿಯಲ್ಲೂ ಅವರು ಅಷ್ಟೇ ಸಲೀಸಾಗಿ ಹಾಡಿದರು.

ಬೀಳಗಿಯ ಹುಡುಗಿ ಬೆಂಗಳೂರಿಗೆ ಹೋಗದೆ ಮುಂಬಯಿಗೆ ಯಾಕೆ ಹೋದಳು ಎಂದು ಕೆಲವರಿಗೆ ಅನ್ನಿಸಬಹುದು. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೋರ್ಟು, ಕಚೇರಿ, ವ್ಯಾಪಾರ ಎಲ್ಲದಕ್ಕೂ ನಮ್ಮವರ ಮುಖ ಆ ಕಡೆಗೇ ಇತ್ತು. ಗದಗಿನಿಂದ ಬಿಜಾಪುರ, ಇಂಡಿ ರೋಡ್ ದಾಟಿ ಹೊಟಗಿಗೆ ಹೋಗುವ ರೈಲು 1880ರ ದಶಕದಲ್ಲೇ ಓಡಲು ಶುರುವಾಗಿತ್ತು. ಅಲ್ಲಿಂದ ಸೊಲ್ಲಾಪುರದ ಮೇಲೆ ಮುಂಬಯಿ. ನಾಟಕ ಕಂಪನಿಗಳೂ ಗ್ರಾಮೊಫೋನ್ ಕಂಪನಿಗಳೂ ಸಿನಿಮಾ ಸ್ಟುಡಿಯೋಗಳೂ ಆ ಊರಿನಲ್ಲಿದ್ದವು.

1931ರಲ್ಲಿ ಆಲಂ ಆರಾ ಬಂತು, ಭಾರತದ ಸಿನಿಮಾಕ್ಕೆ ಮಾತು ಬಂತು. ಮೊದಲ ಕೆಲವು ವರ್ಷ ನಟಿಸುವವರೇ ಹಾಡಬೇಕಾಗಿತ್ತು. ಕ್ಯಾಮೆರಾ ಮುಂದೆ ನಿಂತು ಅಭಿನಯಿಸುತ್ತಲೇ ಹಾಡಬೇಕು, ವಾದ್ಯದವರು ಚೌಕಟ್ಟಿನ ಹೊರಗೆ ಅಡಗಿ ಕೂತು ನುಡಿಸಬೇಕು. ಹಾಗಾಗಿ ಮುಖವೂ ದನಿಯೂ ಎರಡೂ ಇದ್ದವರಿಗೆ ಬೇಡಿಕೆ ಇತ್ತು. ಅಕ್ಕ ಗೋಹರಬಾಯಿ ಆಗಲೇ ನಟಿಯಾಗಿದ್ದರು. ಅವರ ನೆರವಿನಿಂದ 1934ರ ವಿಷ್ಣುಭಕ್ತಿ ಚಿತ್ರದಲ್ಲಿ ಅಮೀರ್‌ಬಾಯಿಗೆ ಪಾತ್ರ ಸಿಕ್ಕಿತು.

ಅಲ್ಲಿಂದ 9 ವರ್ಷ ದೊಡ್ಡ ಹೆಸರೇನೂ ಬರಲಿಲ್ಲ. ಈ 9 ವರ್ಷ ನನಗೆ ಬಹಳ ಮುಖ್ಯವಾಗಿ ಕಾಣುತ್ತವೆ. ನಾವು ಪಟ್ಟಿಯಲ್ಲಿ ಮೇಲೆ ಇರುವವರನ್ನು ನೋಡುತ್ತೇವೆ, ಪಟ್ಟಿಗೆ ಬರುವ ಮುಂಚಿನ ವರ್ಷಗಳನ್ನು ಯಾರೂ ಎಣಿಸುವುದಿಲ್ಲ. ಚಿಕ್ಕ ಪಾತ್ರಗಳು, ಅಲ್ಲೊಂದು ಇಲ್ಲೊಂದು ಹಾಡು. 1940ರಲ್ಲಿ ವಿಜಯ್ ಭಟ್ ನಿರ್ದೇಶನದ ನರಸೀ ಭಗತ್ ಎಂಬ ಸಂತನ ಕಥೆಯ ಚಿತ್ರದಲ್ಲಿ ನಟಿಸಿ ಹಾಡಿದರು. ಗಾಂಧೀಜಿಯವರಿಗೆ ಪ್ರಿಯವಾದ ನರಸಿಂಹ ಮೆಹ್ತಾರ ಭಜನೆಯನ್ನು ಅಮೀರ್‌ಬಾಯಿಯವರ ದನಿಯಲ್ಲಿ ಜನ ಮೆಚ್ಚಿದರು. ಬಿಜಾಪುರ ಜಿಲ್ಲೆಯ ಒಬ್ಬ ಮುಸ್ಲಿಂ ಹೆಣ್ಣುಮಗಳು ಗುಜರಾತಿನ ವೈಷ್ಣವ ಸಂತನ ಪದ ಹಾಡಿದ್ದನ್ನು ಆಗ ಯಾರೂ ವಿಚಿತ್ರ ಎಂದುಕೊಂಡಂತಿಲ್ಲ. ಈಗ ಅದನ್ನು ಪ್ರತ್ಯೇಕವಾಗಿ ಹೇಳಬೇಕು ಎಂದು ನನಗೆ ಅನ್ನಿಸುತ್ತಿದೆಯಲ್ಲ, ಅದೇ ವಿಚಿತ್ರ.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ಕಿಸ್ಮತ್ ಬಿಡುಗಡೆಯಾಯಿತು. ನಿರ್ದೇಶಕ ಗ್ಯಾನ್ ಮುಖರ್ಜಿ, ನಾಯಕ ಅಶೋಕ್ ಕುಮಾರ್, ನಾಯಕಿ ಮುಮ್ತಾಜ್ ಶಾಂತಿ. ಹಾಡು ಬರೆದವರು ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಒಬ್ಬ ಜೇಬುಗಳ್ಳ, ಕಾಲು ಕುಂಟಾದ ಒಬ್ಬ ಹಾಡುಗಾರ್ತಿ, ಹಿಂದೊಮ್ಮೆ ಥಿಯೇಟರಿನ ಮಾಲೀಕನಾಗಿದ್ದು ಎಲ್ಲ ಕಳೆದುಕೊಂಡ ಅವಳ ತಂದೆ, ಇವರ ಕಥೆ ಅದು. ಅಷ್ಟರಲ್ಲಿ ಹಿನ್ನೆಲೆ ಗಾಯನ ರೂಢಿಗೆ ಬಂದಿತ್ತು. ನಾಯಕಿಯ ತುಟಿ ಮುಮ್ತಾಜ್ ಶಾಂತಿಯವರದು, ದನಿ ನಮ್ಮ ಅಮೀರ್‌ಬಾಯಿಯವರದು.

ಆ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲೇ 3 ವರ್ಷಕ್ಕೂ ಹೆಚ್ಚು ಕಾಲ ಓಡಿತು. 1 ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರ ಎಂದು ಸಿನಿಮಾ ಚರಿತ್ರೆ ಬರೆದವರು ಅದನ್ನು ಗುರುತಿಸುತ್ತಾರೆ. ಒಂದೇ ಮಂದಿರದಲ್ಲಿ ಅಷ್ಟು ಕಾಲ ಓಡಿದ ದಾಖಲೆಯನ್ನು ಮುರಿಯಲು 1975ರ ಶೋಲೆ ಬರಬೇಕಾಯಿತು. ಆ ಶೋಲೆಯ ಚಿತ್ರೀಕರಣ ನಡೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಹಳೆಯ ದಾಖಲೆಯಲ್ಲಿ ಕರ್ನಾಟಕದ ದನಿ, ಹೊಸ ದಾಖಲೆಯಲ್ಲಿ ಕರ್ನಾಟಕದ ಕಲ್ಲು ಎಂದು ನಾನು ನನ್ನಷ್ಟಕ್ಕೆ ನಕ್ಕೆ.

ಕಿಸ್ಮತ್ ಬಂದದ್ದು ಚಲೇ ಜಾವ್ ಚಳವಳಿಯ ಮರುವರ್ಷ. ನಾಯಕರೆಲ್ಲ ಜೈಲಿನಲ್ಲಿದ್ದರು, ಎರಡನೆಯ ಮಹಾಯುದ್ಧ ನಡೆದಿತ್ತು. ಚಿತ್ರದಲ್ಲಿ ಹಿಂದೂಸ್ತಾನ ನಮ್ಮದು, ಹೊರಗಿನವರು ದೂರ ಸರಿಯಿರಿ ಎಂಬ ಅರ್ಥದ ಒಂದು ಹಾಡಿದೆ. ಅದನ್ನು ಅಮೀರ್‌ಬಾಯಿ ಮತ್ತು ಖಾನ್ ಮಸ್ತಾನಾ ಸಂಗಡಿಗರ ಜೊತೆ ಹಾಡಿದ್ದಾರೆ. ಅದರಲ್ಲಿ ಜರ್ಮನಿ, ಜಪಾನಿನ ಹೆಸರಿದ್ದುದರಿಂದ ಬ್ರಿಟಿಷರ ಸೆನ್ಸಾರ್ ಅದನ್ನು ಯುದ್ಧದ ಪರವಾದ ಹಾಡೆಂದು ಬಿಟ್ಟುಕೊಟ್ಟಿತು. ಯಾರು ದೂರ ಸರಿಯಬೇಕು ಎಂಬುದು ಥಿಯೇಟರಿನಲ್ಲಿ ಕೂತ ಜನಕ್ಕೆ ಸರಿಯಾಗಿಯೇ ತಿಳಿಯಿತು. ಕೆಲವು ಕಡೆ ಪ್ರೇಕ್ಷಕರ ಒತ್ತಾಯಕ್ಕೆ ರೀಲನ್ನು ಹಿಂದಕ್ಕೆ ಸುತ್ತಿ ಹಾಡನ್ನು ಮತ್ತೆ ತೋರಿಸುತ್ತಿದ್ದರಂತೆ. ಸ್ವಾತಂತ್ರ್ಯ ಹೋರಾಟದಲ್ಲಿ ಮುಸ್ಲಿಂ ಮಹಿಳೆಯರು ಎಂದು ನಮಗೆ ಪ್ರಬಂಧ ಬರೆಯಲು ಕೊಡುತ್ತಾರೆ. ಆ ಪ್ರಬಂಧಗಳಲ್ಲಿ ಈ ಹೆಸರನ್ನು ನಾನು ಒಮ್ಮೆಯೂ ಕಂಡಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಆ ಕಾಲದಲ್ಲಿ ವಾರವಾರ ಹಾಡುಗಳಿಗೆ ಸ್ಥಾನ ಕೊಡುವ ಪಟ್ಟಿ ನಮ್ಮಲ್ಲಿರಲಿಲ್ಲ. ಗೆಲುವನ್ನು ಅಳೆಯುತ್ತಿದ್ದುದು ಚಿತ್ರ ಎಷ್ಟು ವಾರ ಓಡಿತು, ರೆಕಾರ್ಡ್ ಎಷ್ಟು ಮಾರಾಟವಾಯಿತು ಎಂಬುದರಿಂದ. ರೆಕಾರ್ಡ್ ಎಂದರೆ ಅರಗಿನಿಂದ ಮಾಡಿದ ಕಪ್ಪು ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ಒಂದು ಮುಖದಲ್ಲಿ ಸುಮಾರು 3 ನಿಮಿಷದ ಹಾಡು, ಕೈತಪ್ಪಿ ಬಿದ್ದರೆ ಒಡೆದು ಚೂರು. ಎಷ್ಟೋ ರೆಕಾರ್ಡುಗಳ ಮೇಲೆ ಹಾಡಿದವರ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರು ಅಚ್ಚಾಗುತ್ತಿತ್ತು. 1949ರ ಮಹಲ್ ಚಿತ್ರದ ಪ್ರಸಿದ್ಧ ಹಾಡಿನ ರೆಕಾರ್ಡಿನ ಮೇಲೂ ಲತಾ ಮಂಗೇಶ್ಕರ್ ಹೆಸರು ಇರಲಿಲ್ಲ, ಕಾಮಿನಿ ಎಂಬ ಪಾತ್ರದ ಹೆಸರಿತ್ತು. ಹಿನ್ನೆಲೆ ಗಾಯಕರಿಗೆ ಹಾಡಿದ ದಿನದ ಸಂಭಾವನೆ ಸಿಗುತ್ತಿತ್ತು, ಮುಂದೆ ಮಾರಾಟವಾಗುವ ಒಂದೊಂದು ರೆಕಾರ್ಡಿನ ಮೇಲೆ ಪಾಲು ಸಿಗುವ ಪದ್ಧತಿ ಇರಲಿಲ್ಲ. ಅದಕ್ಕಾಗಿ ಗಾಯಕರು ದನಿ ಎತ್ತಿದ್ದು ಬಹಳ ವರ್ಷಗಳ ಮೇಲೆ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಚಿತ್ರದ 1 ಕೋಟಿ ಬೇರೆಯವರ ಖಾತೆಗೆ ಜಮಾ ಆಯಿತು. ಗಾಯಕಿಯ ಪಾಲಿಗೆ ಬಂದದ್ದು ಗುಡ್‌ವಿಲ್, ಅದೂ ಹೆಸರು ಬರೆಯದ ಗುಡ್‌ವಿಲ್.

ಆದರೂ ಜನ ಹೆಸರು ಹುಡುಕಿಕೊಂಡರು. ಕಿಸ್ಮತ್ ನಂತರ ಅಮೀರ್‌ಬಾಯಿಗೆ ಬಿಡುವಿರಲಿಲ್ಲ. 1944ರಲ್ಲಿ ನೌಷಾದ್ ಸಂಗೀತದ ರತನ್ ಬಂತು. ಅದರಲ್ಲಿ ಜೊಹ್ರಾಬಾಯಿ ಅಂಬಾಲೆವಾಲಿಯವರ ಹಾಡುಗಳೂ ಅಮೀರ್‌ಬಾಯಿಯವರ ಹಾಡುಗಳೂ ಗಲ್ಲಿ ಗಲ್ಲಿಗೆ ಹಬ್ಬಿದವು. ಅದೇ ವರ್ಷ ಖೇಮ್‌ಚಂದ್ ಪ್ರಕಾಶ್ ಸಂಗೀತದ ಭರ್ತೃಹರಿ ಚಿತ್ರದಲ್ಲಿ ಸುರೇಂದ್ರ ಜೊತೆ ಹಾಡಿದರು. ರಾಜ್ಯ ಬಿಟ್ಟು ಜೋಗಿಯಾಗಿ ಬಂದ ಗಂಡ ತನ್ನ ಹೆಂಡತಿಯ ಬಾಗಿಲಲ್ಲೇ ಭಿಕ್ಷೆ ಬೇಡುವ ಹಾಡು ಅದು. ಅದನ್ನು ಕೇಳಿ ನಾನು ಅತ್ತಿದ್ದೇನೆ. 1946ರಲ್ಲಿ ರಾಣಕದೇವಿ ಎಂಬ ಗುಜರಾತಿ ಚಿತ್ರಕ್ಕೆ ಹಾಡಿದರು. ನಮ್ಮ ಹಳ್ಳಿಗೆ ಒಮ್ಮೆ ಬಂದುಹೋಗು ಎಂದು ಕರೆಯುವ ಅವರ ಹಾಡು ಗುಜರಾತಿನಲ್ಲಿ ಮನೆಮಾತಾಯಿತು. ಬೀಳಗಿ ಬಿಟ್ಟು ಬಂದವರು ಆ ಹಾಡನ್ನು ಹಾಡುವಾಗ ಯಾವ ಹಳ್ಳಿಯನ್ನು ನೆನೆದಿರಬಹುದು ಎಂದು ನನಗೆ ಯೋಚನೆಯಾಗುತ್ತದೆ. ಕನ್ನಡ ಕೋಗಿಲೆ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು.

ಖಾಲಾನ ಮಗಳು ಕೇಳಿದ್ದು ದೇಶ ದಾಟಿದ ಹಾಡಿನ ಬಗ್ಗೆ. ಅದಕ್ಕೆ ಉತ್ತರ 1947ರಲ್ಲಿ ಸಿಗುತ್ತದೆ, ಅದು ನೋವಿನ ಉತ್ತರ. ಆಗಸ್ಟ್ ತಿಂಗಳ ಒಂದು ರಾತ್ರಿ ದೇಶ ಎರಡಾಯಿತು. ಲಾಹೋರ್, ಕರಾಚಿ, ಢಾಕಾದಲ್ಲಿ ಅಮೀರ್‌ಬಾಯಿಯ ಹಾಡು ಕೇಳುತ್ತಿದ್ದವರೆಲ್ಲ ಬೆಳಗಾಗುವಷ್ಟರಲ್ಲಿ ಪರದೇಶದವರಾದರು. ಹಾಡು ಅಲ್ಲಿಯೇ ಇತ್ತು, ರೆಕಾರ್ಡು ಅದೇ ಕಪಾಟಿನಲ್ಲಿತ್ತು, ಗೆರೆ ಮಾತ್ರ ನಡುವೆ ಬಂತು. ನಮ್ಮ ಪಠ್ಯದಲ್ಲಿ ಒಳನಾಡು ವ್ಯಾಪಾರ, ವಿದೇಶಿ ವ್ಯಾಪಾರ ಎಂದು ಎರಡು ಅಧ್ಯಾಯಗಳಿವೆ. ಒಂದು ರಾತ್ರಿಯಲ್ಲಿ ಒಂದು ಅಧ್ಯಾಯದ ಸರಕು ಇನ್ನೊಂದು ಅಧ್ಯಾಯಕ್ಕೆ ಹೋದದ್ದು ಹೀಗೆ. ಅವರ ಹಾಡು ಕಾಲು ಕದಲಿಸದೆಯೇ ಅಂತರರಾಷ್ಟ್ರೀಯವಾಯಿತು.

ಅವರ ಮನೆಯೊಳಗೂ ಆ ಗೆರೆ ಹಾದಿತ್ತು. ಸಿನಿಮಾಗಳಲ್ಲಿ ಖಳನ ಪಾತ್ರ ಮಾಡುತ್ತಿದ್ದ ಹಿಮಾಲಯವಾಲಾ ಅವರ ಮೊದಲ ಗಂಡ. ಆ ಮದುವೆ ಉಳಿಯಲಿಲ್ಲ, ಬೇರೆಯಾದರು. ದೇಶ ಒಡೆದ ಮೇಲೆ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋದರು. ಗಾಯಕಿ ನೂರ್‌ಜಹಾನ್ ಕೂಡ ಹೋದರು. ಅಮೀರ್‌ಬಾಯಿ ಹೋಗಲಿಲ್ಲ. ಮುಂದೆ ಪಾರಸ್ ಎಂಬ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು.

1948ರಲ್ಲಿ ಅವರು ಇನ್ನೊಂದು ಹೆಜ್ಜೆ ಇಟ್ಟರು. ಶಹನಾಜ್ ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಆಗಿನ ಹಿಂದಿ ಸಿನಿಮಾದಲ್ಲಿ ಸಂಗೀತ ನಿರ್ದೇಶಕಿಯರು ಬೆರಳೆಣಿಕೆಯಷ್ಟು ಜನ. ಜದ್ದನ್‌ಬಾಯಿ, ಸರಸ್ವತಿ ದೇವಿ, ಆಮೇಲೆ ಬೀಳಗಿಯ ಅಮೀರ್‌ಬಾಯಿ. ಆದರೆ ಅವರು ಸಂಗೀತ ಕೊಟ್ಟ ಚಿತ್ರ ಅದೊಂದೇ ಆಯಿತು.

ಮರುವರ್ಷ 1949ರಲ್ಲಿ ಮಹಲ್, ಬರ್ಸಾತ್ ಬಂದವು, ಲತಾ ಮಂಗೇಶ್ಕರ್ ಅವರ ದನಿ ಎಲ್ಲ ಕಡೆ ತುಂಬಿತು. ತೆಳ್ಳನೆಯ, ಎತ್ತರದ ಆ ದನಿಯ ಮುಂದೆ ಹಳಬರ ಗಟ್ಟಿ ದನಿ ಹಳತೆನಿಸಿತು. ಅಮೀರ್‌ಬಾಯಿ, ಜೊಹ್ರಾಬಾಯಿ ಮುಂತಾದವರಿಗೆ ಹಾಡಿನ ಕರೆಗಳು ಕಡಿಮೆಯಾದವು. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಕತ್ತರಿ ಹಾಕಿತು. ಕೇಳುಗರು ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ನಮ್ಮ ದೇಶದ ಹಾಡುಗಳಿಗೆ ಜನಪ್ರಿಯತೆಯ ಪಟ್ಟಿ ಬಂದದ್ದು ಹೀಗೆ, ಅದೂ ಸಮುದ್ರದಾಚೆಯ ನಿಲಯದಿಂದ. ಅಷ್ಟರಲ್ಲಿ ಅಮೀರ್‌ಬಾಯಿಯ ಹಾಡಿನ ಕಾಲ ಮುಗಿದಿತ್ತು. ಪಟ್ಟಿ ಇದ್ದಿದ್ದರೆ 1943, 1944ರಲ್ಲಿ ವಾರಗಟ್ಟಲೆ ಮೇಲೆ ನಿಲ್ಲುತ್ತಿದ್ದ ಹೆಸರು, ಪಟ್ಟಿ ಬಂದಾಗ ಅದರಲ್ಲಿರಲಿಲ್ಲ.

ಇಂಥ ಹೊತ್ತಿನಲ್ಲಿ ಮನುಷ್ಯರು ಏನು ಮಾಡುತ್ತಾರೆ? ಕಳೆದ ವರ್ಷ ತರಗತಿಗೆ ಮೊದಲು ಬಂದವಳು ಈ ವರ್ಷ ನಾಲ್ಕನೆಯವಳಾದರೆ ನಾವು ಊಟ ಬಿಡುತ್ತೇವೆ. ಅಮೀರ್‌ಬಾಯಿ ಮತ್ತೆ ನಟನೆಗೆ ಮರಳಿದರು. ಈ ಸಲ ನಾಯಕಿಯಾಗಿ ಅಲ್ಲ, ತಾಯಿ, ಅತ್ತೆ, ನೆರೆಮನೆಯಾಕೆ, ಇಂಥ ಪೋಷಕ ಪಾತ್ರಗಳಲ್ಲಿ. ಒಂದು ಕಾಲಕ್ಕೆ ನಾಯಕಿಯರಿಗೆ ದನಿ ಕೊಟ್ಟವರು, ಬೇರೊಬ್ಬರ ದನಿಗೆ ನಾಯಕಿ ತುಟಿ ಆಡಿಸುವ ಚಿತ್ರಗಳಲ್ಲಿ ಪಕ್ಕದಲ್ಲಿ ನಿಂತರು. ಕೆಲಸ ಕೆಲಸವೇ ಎಂದು ಮಾಡಿದರು.

ಅಕ್ಕ ಗೋಹರಬಾಯಿಯ ದಾರಿ ಬೇರೆ. ಅವರು ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಗಾಯನ ಶೈಲಿಯನ್ನು ಒಲಿಸಿಕೊಂಡವರು. 1930ರ ದಶಕದ ಕೊನೆಯಲ್ಲಿ ಬಾಲಗಂಧರ್ವರ ಕಂಪನಿ ಸೇರಿದರು, ಮುಂದೆ ಅವರನ್ನೇ ಮದುವೆಯಾದರು. ಅಲ್ಲಿಯ ತನಕ ಆ ಕಂಪನಿಯಲ್ಲಿ ಸ್ತ್ರೀ ಪಾತ್ರವೆಂದರೆ ಬಾಲಗಂಧರ್ವರೇ. ಬೀಳಗಿಯ ಹೆಣ್ಣುಮಗಳು ಆ ಜಾಗಕ್ಕೆ ಬಂದದ್ದನ್ನು ಒಪ್ಪದವರು ಬಹಳ ಮಂದಿ ಇದ್ದರು. ಆದರೂ ಬಾಲಗಂಧರ್ವರ ಕಷ್ಟದ ವರ್ಷಗಳಲ್ಲಿ ಜೊತೆಗಿದ್ದವರು ಗೋಹರಬಾಯಿಯೇ. ಅವರು 1964ರಲ್ಲಿ ತೀರಿಕೊಂಡರು.

ಇನ್ನು ಅಮೀರ್‌ಬಾಯಿ ಗಳಿಸಿದ ಹಣದ ವಿಷಯ. ಆ ಕಾಲದ ಎಷ್ಟೋ ದೊಡ್ಡ ನಟನಟಿಯರು ಕೊನೆಗೆ ಬರಿಗೈಯಾದರು. ಅಮೀರ್‌ಬಾಯಿ ತಮ್ಮ ಜಿಲ್ಲೆಯ ಕಡೆ ನೋಡಿದರು. ಬಿಜಾಪುರದಲ್ಲಿ ಅವರ ಕುಟುಂಬದ್ದೇ ಆದ ಒಂದು ಚಿತ್ರಮಂದಿರ ಎದ್ದಿತು, ಅಮೀರ್ ಟಾಕೀಸ್. ಕಿಸ್ಮತ್ ಚಿತ್ರದ ನಾಯಕಿಯ ತಂದೆ ಥಿಯೇಟರ್ ಕಳೆದುಕೊಂಡವನು. ಆ ನಾಯಕಿಗೆ ದನಿ ಕೊಟ್ಟವರು ಥಿಯೇಟರ್ ಗಳಿಸಿದವರು. ನಮ್ಮ ಅಬ್ಬಾ ಚಿಕ್ಕವರಿದ್ದಾಗ ಇಂಡಿಯಿಂದ ಬಸ್ಸು ಹತ್ತಿ ಹೋಗಿ ಅಲ್ಲಿ ಸಿನಿಮಾ ನೋಡಿದ್ದರಂತೆ. ಅಮೀರ್ ಎಂದರೆ ಶ್ರೀಮಂತ, ಯಾರೋ ಸಾಹುಕಾರರು ಇಟ್ಟ ಹೆಸರಿರಬೇಕು ಎಂದು ಅವರು ಇಷ್ಟು ವರ್ಷ ಅಂದುಕೊಂಡಿದ್ದರು. ಅದು ಒಬ್ಬ ಹೆಣ್ಣುಮಗಳ ಹೆಸರು ಎಂದು ನಾನು ಹೇಳಿದಾಗ ಅವರು ಓದುತ್ತಿದ್ದ ಪೇಪರ್ ಮಡಿಚಿಟ್ಟು ನನ್ನ ಮುಖ ನೋಡಿದರು. ಹೆಸರು ಕಣ್ಣ ಮುಂದೆ ದೊಡ್ಡಕ್ಷರದಲ್ಲಿ ಇದ್ದರೂ ಅವರು ಕಾಣದೆ ಉಳಿದರು.

1965ರ ಮಾರ್ಚ್ 3ರಂದು ಅಮೀರ್‌ಬಾಯಿ ತೀರಿಕೊಂಡರು. ಪಾರ್ಶ್ವವಾಯು ಬಡಿದು ನಾಲ್ಕೇ ದಿನವಾಗಿತ್ತು. ಹುಟ್ಟಿದ ಜಿಲ್ಲೆಯ ಮಣ್ಣಿನಲ್ಲೇ ಅವರನ್ನು ದಫನ್ ಮಾಡಿದರು. ಮುಂಬಯಿಗೆ ಹೋದವರು ಕೊನೆಗೆ ಬಿಜಾಪುರಕ್ಕೇ ಬಂದರು.

ಈಗ ಅವರ ಹೆಸರಿನ ಕೊನೆಯ ಭಾಗದ ಬಗ್ಗೆ ಬರೆಯಬೇಕು. ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಅದೇ. ಎರಡು ವರ್ಷದ ಹಿಂದೆ ಬಸವನ ಬಾಗೇವಾಡಿಯಲ್ಲಿ ನಡೆದ ಒಂದು ಕನ್ನಡ ಭಾಷಣ ಸ್ಪರ್ಧೆಯಲ್ಲಿ ನನಗೆ ಎರಡನೆಯ ಬಹುಮಾನ ಬಂತು. ಬಹುಮಾನ ಕೊಟ್ಟ ಹಿರಿಯರೊಬ್ಬರು ಪ್ರೀತಿಯಿಂದಲೇ, ನಿಮ್ಮವರಾಗಿ ನಮ್ಮ ಭಾಷೆ ಎಷ್ಟು ಚೆನ್ನಾಗಿ ಕಲಿತಿದ್ದೀಯ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಆ ಮಾತು ಚುಚ್ಚತೊಡಗಿತು. ನಮ್ಮ ಮನೆಯಲ್ಲಿ ಉರ್ದು ಆಡುತ್ತೇವೆ, ನಿಜ. ಆದರೆ ನಾನು ಮಾತು ಕಲಿತಾಗಿನಿಂದ ಓಣಿಯಲ್ಲಿ ಕನ್ನಡ, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಕನ್ನಡ. ಅತಿಥಿಗೆ ಹೇಳುವ ಹೊಗಳಿಕೆಯನ್ನು ಮನೆಯವರಿಗೆ ಹೇಳಿದರೆ ಏನು ಉತ್ತರ ಕೊಡಬೇಕು ಎಂದು ನನಗೆ ಅಂದು ತಿಳಿಯಲಿಲ್ಲ.

ಆ ಉತ್ತರ ನನಗೆ ಅಮೀರ್‌ಬಾಯಿಯ ಹೆಸರಿನಲ್ಲಿ ಸಿಕ್ಕಿತು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಆಗಲೂ ಅದರ ಹೆಸರು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಬೀಳಗಿಯ ಈ ಅಕ್ಕತಂಗಿಯರು ಅದಕ್ಕೂ ಎಷ್ಟೋ ವರ್ಷ ಮೊದಲೇ, ನಕಾಶೆಯಲ್ಲಿ ಆ ಹೆಸರಿನ ರಾಜ್ಯವೇ ಇಲ್ಲದಾಗ, ತಮ್ಮ ಹೆಸರಿನ ಜೊತೆ ಕರ್ನಾಟಕಿ ಎಂದು ಇಟ್ಟುಕೊಂಡಿದ್ದರು. ಮುಂಬಯಿಯ ಸ್ಟುಡಿಯೋದಲ್ಲಿ, ಕಲ್ಕತ್ತೆ, ಲಾಹೋರಿನ ಥಿಯೇಟರುಗಳಲ್ಲಿ ಅಮೀರ್‌ಬಾಯಿ ಎಂದವರು ಜೊತೆಗೆ ನಮ್ಮ ನಾಡಿನ ಹೆಸರನ್ನೂ ಹೇಳಬೇಕಾಯಿತು. ರಾಜ್ಯ ಆ ಹೆಸರಿಗೆ ಬಂದಾಗ ಅವರು ತೀರಿಕೊಂಡು 8 ವರ್ಷವಾಗಿತ್ತು. ಇನ್ನು ಮುಂದೆ ಯಾರಾದರೂ ನನ್ನ ಕನ್ನಡವನ್ನು ಹಾಗೆ ಹೊಗಳಿದರೆ ಸಿಟ್ಟಾಗುವುದಿಲ್ಲ. ಅಮೀರ್‌ಬಾಯಿ ಕರ್ನಾಟಕಿ ಯಾರು ಗೊತ್ತೇ ಎಂದು ಕೇಳುತ್ತೇನೆ.

ಆದರೆ ಹೊರಗಿನವರ ತಪ್ಪನ್ನಷ್ಟೇ ಬರೆದು ಮುಗಿಸಿದರೆ ನನ್ನ ಲೆಕ್ಕ ತಾಳೆಯಾಗುವುದಿಲ್ಲ. ನಮ್ಮ ಮನೆಯಲ್ಲೂ ಆ ಹೆಸರು ಇರಲಿಲ್ಲವಲ್ಲ. ಯಾಕೆ ಹೇಳಲಿಲ್ಲ ಎಂದು ನಾನಿಯನ್ನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹಾಡುವ, ಕುಣಿಯುವ ಹೆಂಗಸರ ಹೆಸರನ್ನು ಮರ್ಯಾದಸ್ಥರ ಮನೆಯಲ್ಲಿ ಎತ್ತುತ್ತಿರಲಿಲ್ಲ ಎಂದರು. ರಾಗ ಬೇಕಿತ್ತು, ರಾಗ ಕೊಟ್ಟವರು ಬೇಡವಾಗಿದ್ದರು. ಹಾಡು, ಸಿನಿಮಾ ಕುರಿತು ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದನ್ನು ತೀರ್ಮಾನಿಸುವಷ್ಟು ಓದು ನನ್ನದಲ್ಲ. ಆದರೆ ಒಬ್ಬರ ದುಡಿಮೆಯನ್ನು ಮೂರು ತಲೆಮಾರು ಬಳಸಿಕೊಂಡು ಅವರ ಹೆಸರನ್ನು ಖಾತೆಯಲ್ಲಿ ಬರೆಯದೆ ಬಿಡುವುದು ಸರಿಯಲ್ಲ ಎಂದು ಹೇಳಲು ದ್ವಿತೀಯ ಪಿಯುಸಿಯ ಲೆಕ್ಕಶಾಸ್ತ್ರ ಸಾಕು. ರೆಕಾರ್ಡಿನ ಮೇಲೆ ಹೆಸರು ಹಾಕದ ಕಂಪನಿಯವರಿಗೂ ನಮಗೂ ವ್ಯತ್ಯಾಸ ಇರಬೇಕಲ್ಲವೇ?

ಈ ಲೇಖನ ಬರೆದು ಮುಗಿಸಿ ಮುದ್ದೇಬಿಹಾಳಕ್ಕೆ ಹೋದಾಗ ನಾನಿಗೆ ಓದಿ ಹೇಳಿದೆ. ಕಷ್ಟದ ಕನ್ನಡ ಬಂದಲ್ಲೆಲ್ಲ ಉರ್ದುವಿನಲ್ಲಿ ತಿಳಿಸುತ್ತ ಹೋದೆ. ಹಾಡುವವರ ಹೆಸರು ಮನೆಯಲ್ಲಿ ಎತ್ತುತ್ತಿರಲಿಲ್ಲ ಎಂಬ ಭಾಗ ಬಂದಾಗ, ಬೇಡವಾದರೆ ತೆಗೆಯುತ್ತೇನೆ ಎಂದೆ. ತೆಗೆಯಬೇಡ ಎಂದರು. ಬೇರೊಂದು ತಿದ್ದುಪಡಿ ಮಾತ್ರ ಹೇಳಿದರು. ಮೊದಲು ನಾನು ತಲೆಬರಹದಲ್ಲಿ ಮುಂಬಯಿಯ ಪ್ರಸಿದ್ಧ ಗಾಯಕಿ ಎಂದು ಬರೆದಿದ್ದೆ. ಅದನ್ನು ಹೊಡೆದು ಬೀಳಗಿಯ ಎಂದು ಬರೆಯಲು ಹೇಳಿದರು. ಬರೆದಿದ್ದೇನೆ.

ಸಿಂದಗಿಯ ಗೋಡೆಯ ಮೇಲೆ ಈಗಲೂ ಆ ಏಳು ಹುಡುಗರಿದ್ದಾರೆ. ಅವರ ಪಕ್ಕದಲ್ಲಿ, ಹಳೆಯ ಪತ್ರಿಕೆಯ ಮಸುಕಾದ ಚಿತ್ರದ ಜೆರಾಕ್ಸ್ ಒಂದನ್ನು ಖಾಲಾನ ಮಗಳು ಅಂಟಿಸಿದ್ದಾಳೆ. ಕೆಳಗೆ ಪೆನ್ನಿನಿಂದ ಹೆಸರು ಬರೆದಿದ್ದಾಳೆ. ಅದನ್ನು ಮಾತ್ರ ಖಾಲಾ ಇನ್ನೂ ಕಿತ್ತಿಲ್ಲ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ